ನಾಲ್ಕು ಕೈಗೆ ಒಂದು ವಾಚು

ಚಿತ್ರದುರ್ಗದ ಜೋಗಿಮಟ್ಟಿಯ ನೆತ್ತಿಗೆ ಹೋದವರು ಮೊದಲು ಮಾಡುವ ಕೆಲಸ ಟೋಪಿಯನ್ನೋ ಸೆರಗನ್ನೋ ಬಿಗಿಯಾಗಿ ಹಿಡಿದುಕೊಳ್ಳುವುದು. ಅಲ್ಲಿನ ಗಾಳಿ ಅಂಥದ್ದು, ಮಾತಾಡಬೇಕೆಂದರೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ರೆಕ್ಕೆ ತಿರುಗಿಸುತ್ತಿರುತ್ತವೆ. ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿ ಕಲ್ಲೊಂದರ ಮೇಲೆ ಕೂತಿದ್ದಾಗ ಎರಡು ಬೈಕಿನಲ್ಲಿ ನಾಲ್ವರು ಹುಡುಗರು ಬಂದರು. ಇಪ್ಪತ್ತರ ಆಸುಪಾಸಿನವರು. ಒಬ್ಬನ ಕೈಯಲ್ಲಿ ಬಂಗಾರದ ಬಣ್ಣದ ದೊಡ್ಡ ವಾಚಿತ್ತು. ಡಯಲ್ಲಿನ ನೆತ್ತಿಯಲ್ಲಿ ಕಿರೀಟದ ಗುರುತು, ಅದರ ಕೆಳಗೆ ಮೂರು ಪುಟ್ಟ ವೃತ್ತ, ವೃತ್ತಕ್ಕೊಂದು ಪುಟ್ಟ ಮುಳ್ಳು.

ಫೋಟೋ ಶುರುವಾಯಿತು. ವಾಚಿನವನು ಕಣಿವೆಗೆ ಬೆನ್ನು ಹಾಕಿ, ಗಲ್ಲಕ್ಕೆ ಕೈಕೊಟ್ಟು ನಿಂತ. ಯೋಚನೆ ಮಾಡುವವನ ಭಂಗಿ, ಆದರೆ ಮುಂಗೈ ಕ್ಯಾಮೆರಾದ ಕಡೆಗೆ. ಆಮೇಲೆ ಅವನು ವಾಚು ಬಿಚ್ಚಿ ಎರಡನೆಯವನಿಗೆ ಕೊಟ್ಟ. ಅವನೂ ಗಲ್ಲಕ್ಕೆ ಕೈಕೊಟ್ಟ. ಮೂರನೆಯವನ ಕೈ ಸಣ್ಣದು, ಚೈನು ಮೊಣಕೈವರೆಗೆ ಜಾರಿತು. ಎಡಗೈ ವಾಚನ್ನು ಬಲಗೈಯಲ್ಲಿ ಹಿಡಿದೇ ಫೋಟೋ ತೆಗೆಸಿಕೊಂಡ. ನಾಲ್ಕನೆಯವನು ಬೇಡ ಅಂದ. "ಹಾಕ್ಕಳಲೇ, ನಿನ್ನದೂ ಒಂದಿರ್ಲಿ" ಎಂದು ಉಳಿದವರು ಅವನ ಕೈಗೆ ಸಿಕ್ಕಿಸಿದರು. ಕೊನೆಗೆ ನನ್ನ ಹತ್ತಿರ ಫೋನು ಕೊಟ್ಟು, "ಅಂಕಲ್, ನಾಲ್ಕೂ ಜನದ್ದು ಒಂದು" ಎಂದರು. ಈಗ ವಾಚು ಯಾರ ಕೈಯಲ್ಲಿರಬೇಕು ಎಂಬ ಸಣ್ಣ ಚರ್ಚೆ ನಡೆದು, ಬೇಡ ಅಂದಿದ್ದವನ ಕೈಯಲ್ಲೇ ಇರಲಿ ಎಂದು ತೀರ್ಮಾನವಾಯಿತು. ವಾಚಿನ ಯಜಮಾನ ಬರಿಗೈಯಲ್ಲಿ ನಿಂತ.

ಫೋನಿನ ಪರದೆಯಲ್ಲಿ ಚಿತ್ರ ಹಿಗ್ಗಿಸಿ ನೋಡಿದೆ. ಆ ಮೂರು ಪುಟ್ಟ ಮುಳ್ಳುಗಳು ಡಯಲ್ಲಿಗೆ ಅಚ್ಚು ಹಾಕಿದವು. ಜನ್ಮದಲ್ಲಿ ತಿರುಗುವಂಥವಲ್ಲ. ಒಳಗೊಳಗೇ ನಗು ಬಂತು. ಫೋನು ಹಿಂದಿರುಗಿಸುವಾಗ ಇನ್ನೊಂದು ಗಮನಕ್ಕೆ ಬಂತು: ನನ್ನ ಎಡತೋಳನ್ನು ನಾನೇ ಯಾವಾಗಲೋ ಎರಡು ಬೆರಳು ಮೇಲೆ ಸರಿಸಿಕೊಂಡಿದ್ದೆ. ಅಲ್ಲಿ ನನ್ನ ಎಚ್‌ಎಂಟಿ ಇತ್ತು. ಕೀ ಕೊಡುವ ಹಳೆಯ ಎಚ್‌ಎಂಟಿ. ಹುಡುಗರು ಅದರ ಕಡೆ ನೋಡಲೂ ಇಲ್ಲ.

ಗುಡ್ಡ ಇಳಿಯುವಾಗ ಆ ನಗುವೇ ಕಾಲಿಗೆ ತೊಡರಿಕೊಂಡಿತು.

ನಮ್ಮ ತಂದೆ ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಾನು ಹುಡುಗನಾಗಿದ್ದಾಗ ಆ ಊರಿನಲ್ಲಿ ಕೈಗಡಿಯಾರ ಕಟ್ಟಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ವಾಚಿದ್ದವರ ಮೇಲೆ ಊರಿಗೆ ಒಂದು ಹಕ್ಕಿತ್ತು. ಗೊತ್ತಿದ್ದವರು ಗೊತ್ತಿಲ್ಲದವರು ಯಾರು ಬೇಕಾದರೂ ತಡೆದು "ಮೇಷ್ಟ್ರೇ, ಟೈಮೆಷ್ಟಾಯ್ತು?" ಎಂದು ಕೇಳಬಹುದು, ಇವರು ಎಷ್ಟೇ ಅವಸರದಲ್ಲಿದ್ದರೂ ನಿಂತು, ತೋಳು ಸರಿಸಿ, ನಿಮಿಷ ಸಮೇತ ಹೇಳಬೇಕು. ಪಂಪ್‌ಸೆಟ್ಟಿಗೆ ಕರೆಂಟು ಬರುವ ಹೊತ್ತು, ದಾವಣಗೆರೆ ಬಸ್ಸಿನ ಹೊತ್ತು, ಬಸುರಿಗೆ ನೋವು ಶುರುವಾದ ಹೊತ್ತು, ಮಗು ಹುಟ್ಟಿದ ಗಳಿಗೆ, ಎಲ್ಲಕ್ಕೂ ನಮ್ಮ ಮನೆಗೇ ಜನ ಬರುತ್ತಿದ್ದರು. ನಡುರಾತ್ರಿ ಕದ ಬಡಿದು ಟೈಮು ಕೇಳಿಕೊಂಡು ಹೋದದ್ದೂ ಉಂಟು, ಜಾತಕ ಬರೆಸುವುದಕ್ಕೆ. ಹಾಗೆ ನೋಡಿದರೆ ಊರಿನ ಅರ್ಧ ಜನರ ಹಣೆಬರಹ ಅಪ್ಪನ ವಾಚು ಹೇಳಿದ್ದು. ಅದು ನಾಲ್ಕು ನಿಮಿಷ ಹಿಂದೆ ಓಡುತ್ತಿತ್ತು ಎಂಬುದು ಮನೆಯವರಿಗೆ ಮಾತ್ರ ಗೊತ್ತಿತ್ತು.

ಅದೂ ಎಚ್‌ಎಂಟಿಯೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರ ಮಾಡಲು ಶುರು ಮಾಡಿತು. ಮುಂದೆ ನಮ್ಮ ಪಕ್ಕದ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಜವಾನ್, ಕೋಹಿನೂರ್, ಸೋನಾ, ಕಾಂಚನ್ ಎಂದೆಲ್ಲ ಹೆಸರುಗಳು. ಎಲ್ಲಾ ಕೂಡಿ ಹತ್ತು ಕೋಟಿಗೂ ಹೆಚ್ಚು ವಾಚುಗಳು ಆ ಕಂಪನಿಯಿಂದ ಹೊರಬಂದಿವೆ. ಡಯಲ್ಲಿನ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿರುತ್ತಿತ್ತು. ಅಪ್ಪ ಅದನ್ನು ಓದಿ ಹೇಳಿದಾಗ ಊರವರು ಮೂಗಿನ ಮೇಲೆ ಬೆರಳಿಡುತ್ತಿದ್ದರು: ಒಳಗೆ ಹದಿನೇಳು ರತ್ನ ಇದಾವಂತೆ! ಅವರ ಮಾತು ಸುಳ್ಳೂ ಆಗಿರಲಿಲ್ಲ. ಚಕ್ರಗಳ ಅಚ್ಚು ಸವೆಯದಿರಲಿ ಎಂದು ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯದ ಹರಳುಗಳನ್ನು ಒಳಗೆ ಕೂರಿಸಿರುತ್ತಾರೆ. ಯಾರ ಕಣ್ಣಿಗೂ ಬೀಳದ ಕಡೆ ಕೂತು, ತಿಕ್ಕಾಟ ತಡೆಯುತ್ತಾ, ವರ್ಷಗಟ್ಟಲೆ ದುಡಿಯುವ ರತ್ನಗಳು. ಹರಳು ಡಯಲ್ಲಿನ ಹೊರಗೆ ಬಂದು ಅಂಚಿಗೆ ಕೂತದ್ದು ನಮ್ಮ ಕಡೆ ಆಮೇಲಿನ ಕಾಲದಲ್ಲಿ.

ಎಚ್‌ಎಂಟಿ ಬರೀ ದುಡಿಯುವ ವಾಚಾಗಿತ್ತು, ಇಂದಿನ ವಾಚುಗಳು ಬರೀ ತೋರಿಕೆಯವು ಎಂದು ಬರೆದುಬಿಟ್ಟರೆ ಬರಹ ಸಲೀಸಾಗಿ ಮುಗಿಯುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಕಾಂಚನ್ ಎಂಬ ಮಾದರಿ ಎಷ್ಟು ಬೇಡಿಕೆಯದೆಂದರೆ ಕಾಳಸಂತೆಯಲ್ಲಿ ಮಾರಾಟವಾಗುತ್ತಿತ್ತು, ಅದಕ್ಕೆ ವರದಕ್ಷಿಣೆ ವಾಚು ಎಂಬ ಅಡ್ಡಹೆಸರೇ ಬಿದ್ದಿತ್ತು. ವರೋಪಚಾರದ ಪಟ್ಟಿಯಲ್ಲಿ ಸೂಟು, ಉಂಗುರದ ಜೊತೆ ವಾಚು ಇರಲೇಬೇಕು. ನಮ್ಮ ಅಕ್ಕನ ಮದುವೆಯ ಹಿಂದಿನ ದಿನ, ತರಿಸಬೇಕಾಗಿದ್ದ ವಾಚು ಸಿಕ್ಕದೆ, ಅಪ್ಪ ತಮ್ಮ ಕೈಯಲ್ಲಿದ್ದುದನ್ನೇ ಬಿಚ್ಚಿ, ಹೊಸ ಚೈನು ಹಾಕಿಸಿ, ಒರೆಸಿ, ಡಬ್ಬಿಯಲ್ಲಿಟ್ಟು ಭಾವನವರಿಗೆ ಕೊಟ್ಟರು. ಹಳೆಯದನ್ನು ಹೊಸದೆಂದು ದಾಟಿಸಿದ ಆ ಡಬ್ಬಿಯೂ ಒಂದು ಬಗೆಯ ನಕಲಿಯೇ ಎನ್ನಬೇಕೇನೋ. ಆಮೇಲೆ ಅಪ್ಪ ವಾಚು ಕೊಳ್ಳಲಿಲ್ಲ. ಊರವರು ಮಾತ್ರ ಅಭ್ಯಾಸಬಲದಿಂದ ಟೈಮು ಕೇಳುವುದನ್ನು ಬಿಡಲಿಲ್ಲ. ಅಪ್ಪ ಮೊದಲು ಬರಿಗೈಯನ್ನು ನೋಡಿಕೊಳ್ಳುತ್ತಿದ್ದರು, ಆಮೇಲೆ ಶಾಲೆಯ ಬಾವುಟದ ಕಂಬದ ನೆರಳು ನೋಡಿ ಇಷ್ಟಾಗಿರಬೇಕು ಎನ್ನುತ್ತಿದ್ದರು. ಯಾರೂ ನಕ್ಕದ್ದು ನೆನಪಿಲ್ಲ.

ಈಗ ಯಾರೂ ಯಾರನ್ನೂ ಟೈಮು ಕೇಳುವುದಿಲ್ಲ. ಎಲ್ಲರ ಜೇಬಿನಲ್ಲೂ ಫೋನಿದೆ. ಅದಕ್ಕೂ ಮುಂಚೆಯೇ ವಾಚಿನ ಕೆಲಸಕ್ಕೆ ಸಂಚಕಾರ ಬಂದಿತ್ತು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಮೊದಲ ಕ್ವಾರ್ಟ್ಸ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಕಲ್ಲಿನ ಚೂರು ಟೈಮು ಅಳೆಯತೊಡಗಿತು. ಇಂದಿನ ಸಾಮಾನ್ಯ ಸೆಲ್ಲಿನ ವಾಚಿನಲ್ಲಿ ಆ ಕಂಪನ ಸೆಕೆಂಡಿಗೆ 32,768. ಜಾತ್ರೆಯಲ್ಲಿ ಇನ್ನೂರು ರೂಪಾಯಿಗೆ ಸಿಕ್ಕುವ ಅಂಥ ವಾಚು ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ತಪ್ಪಬಹುದು. ಲಕ್ಷಗಟ್ಟಲೆ ಬೆಲೆಯ ಸ್ವಿಟ್ಜರ್ಲೆಂಡಿನ ಸ್ಪ್ರಿಂಗಿನ ವಾಚಿಗೆ ಅಲ್ಲಿನ ಪರೀಕ್ಷೆಯಲ್ಲಿ ಪಾಸಾಗಲು ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಓಡುವ ರಿಯಾಯಿತಿ ಇದೆ. ಟೈಮು ನೋಡಲಿಕ್ಕೆಂದು ಯಾರೂ ರೋಲೆಕ್ಸ್ ಕೊಳ್ಳುವುದಿಲ್ಲ. ಕೊಂಡವರಿಗೂ ಅದು ಗೊತ್ತು.

ಇದು ಕ್ವಾರ್ಟ್ಸ್ ಕಾಲದ ರೋಗವೂ ಅಲ್ಲ. ಅರ್ಥಶಾಸ್ತ್ರದ ಪಿತಾಮಹ ಎನ್ನಿಸಿಕೊಂಡ ಆಡಮ್ ಸ್ಮಿತ್ 1759ರಲ್ಲಿ, ನಮ್ಮ ದುರ್ಗ ಹೈದರಾಲಿಯ ಕೈಸೇರುವುದಕ್ಕೆ ಇಪ್ಪತ್ತು ವರ್ಷ ಮೊದಲು, ನೀತಿಭಾವನೆಗಳ ಕುರಿತು ಬರೆದ ಪುಸ್ತಕದಲ್ಲಿ ಒಬ್ಬ ವಾಚಿನ ಹುಚ್ಚನ ಮಾತು ಬರುತ್ತದೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುವ ವಾಚನ್ನು ಆತ ಎರಡು ಗಿನಿಗೆ ಮಾರಿ, ಹದಿನೈದು ದಿನಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ತಪ್ಪದ ಇನ್ನೊಂದನ್ನು ಐವತ್ತು ಗಿನಿ ಕೊಟ್ಟು ತರುತ್ತಾನೆ. ಅಷ್ಟಾಗಿಯೂ ಅವನು ಹೇಳಿದ ಹೊತ್ತಿಗೆ ಬರುವವನೇನಲ್ಲ, ಬೇರೆಯವರಿಗಿಂತ ಹೆಚ್ಚಿನ ಶಿಸ್ತಿನವನೂ ಅಲ್ಲ ಎನ್ನುತ್ತಾನೆ ಸ್ಮಿತ್. ಅವನಿಗೆ ಬೇಕಾಗಿರುವುದು ಹೊತ್ತಿನ ಲೆಕ್ಕಕ್ಕಿಂತ ಆ ಯಂತ್ರದ ಚಂದ. ಸಭೆಗೆ ಎರಡು ಗಂಟೆ ತಡವಾಗಿ ಬಂದು ವೇದಿಕೆಯ ಮೇಲೆ ಮುಂಗೈ ನೋಡಿಕೊಳ್ಳುವ ಗಣ್ಯರನ್ನು ಕಂಡಾಗಲೆಲ್ಲ ನನಗೆ ಈ ಪುಟ ನೆನಪಾಗುತ್ತದೆ.

ಆದರೆ ಯಂತ್ರದ ಚಂದಕ್ಕೆ ಮರುಳಾದವನು ಬೇರೆ, ಮುಂಗೈ ತೋರಿಸುವವನು ಬೇರೆ. ಮೊದಲನೆಯವನ ಜೊತೆ ನನಗೆ ಜಗಳವಿಲ್ಲ. ಕೂದಲೆಳೆಗಿಂತ ತೆಳುವಾದ ಸ್ಪ್ರಿಂಗು ಉಸಿರಾಡುವ ಹಾಗೆ ಅರಳಿ ಮುದುಡುವುದನ್ನು ನೋಡುತ್ತಾ ಕೂರುವವರು ಇದ್ದಾರೆ. ಅವರು ವಾಚನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟುಕೊಂಡಿರುತ್ತಾರೆ, ಕೇಳಿದರೆ ಮಾತ್ರ ತೆಗೆದು ತೋರಿಸುತ್ತಾರೆ, ಒಮ್ಮೆ ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಅಂಚೆಚೀಟಿ, ಹಳೇ ರೇಡಿಯೋ, ತಿಪಟೂರಿನ ಕೊಬ್ಬರಿ ದರ, ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ತೋರಿಸುವವನ ವಿಷಯ ಹಾಗಲ್ಲ. ಅವನಿಗೆ ಎದುರಿಗೊಬ್ಬ ಬೇಕು.

ಹೀಗೆ ತೋರಿಸಿಕೊಳ್ಳುವ ಚಾಳಿಯೂ ಹೊಸದಲ್ಲ. ಜೋಗಿಮಟ್ಟಿಯ ಬೆಟ್ಟಸಾಲಿನ ಬುಡದಲ್ಲೇ ಚಂದ್ರವಳ್ಳಿ ಇದೆ. ಮಯೂರನ ಶಾಸನ, ಅಂಕಲಿ ಮಠದ ಗುಹೆ, ಕೆರೆ ಎಲ್ಲರಿಗೂ ಗೊತ್ತು. ಅಲ್ಲಿ 1929ರಿಂದ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆಸಿದರು. ಸಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳೂ ಆ ಮಣ್ಣಿನಲ್ಲಿ ಸಿಕ್ಕವು. ಎರಡು ಸಾವಿರ ವರ್ಷದ ಕೆಳಗಿನ ಫಾರಿನ್ ಮಾಲು. ದಖ್ಖನ್ನಿನ ಬೇರೆ ಕಡೆ, ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರದಂಥ ನೆಲೆಗಳಲ್ಲಿ, ಇನ್ನೂ ತಮಾಷೆಯ ವಸ್ತುವೊಂದು ಸಿಕ್ಕಿದೆ: ರೋಮಿನ ನಾಣ್ಯದ ಅಚ್ಚನ್ನು ಸುಟ್ಟ ಮಣ್ಣಿನಲ್ಲಿ ಎತ್ತಿದ ಬಿಲ್ಲೆಗಳು. ದಾರ ಪೋಣಿಸಲು ಅವಕ್ಕೆ ಕಿವಿ ಇದೆ, ಇಲ್ಲವೇ ತೂತಿದೆ. ಅಂದರೆ ಕೊರಳಿಗೆ ಹಾಕಿಕೊಳ್ಳುವುದಕ್ಕೆ. ಅಸಲಿ ಚಿನ್ನದ ನಾಣ್ಯಕ್ಕೆ ತೂತು ಕೊರೆದು ಪದಕ ಮಾಡಿಕೊಂಡವರು ಶ್ರೀಮಂತರು. ಮಣ್ಣಿನ ಬಿಲ್ಲೆಯವರು ಅವರನ್ನು ನೋಡಿದವರು. ಇಲ್ಲೇ ಅಚ್ಚು ಹಾಕಿದ ರೋಮನ್ ನಾಣ್ಯದ ನಕಲುಗಳೂ ಇವೆ, ಅವುಗಳ ಮೇಲಿನ ಅಕ್ಷರ ಓದಲಾಗದು. ಅಕ್ಕಸಾಲಿಗ ಲಿಪಿ ತಿಳಿಯದೆ ಬರೀ ಗೆರೆಗಳನ್ನು ನಕಲು ಮಾಡಿದ್ದಾನೆ, ಆ ಹುಡುಗನ ವಾಚಿನ ತಿರುಗದ ಮುಳ್ಳುಗಳ ಹಾಗೆ.

ಟೈಬೀರಿಯಸ್ ಯಾರೆಂದು ಆ ಮಣ್ಣಿನ ಬಿಲ್ಲೆಯ ಹೆಣ್ಣಿಗಾಗಲಿ ಗಂಡಿಗಾಗಲಿ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದದ್ದು ಇಷ್ಟೇ ಇರಬೇಕು: ಇಂಥ ಮುಖವನ್ನು ಕೊರಳಲ್ಲಿ ಹಾಕಿಕೊಂಡವರಿಗೆ ಸಂತೆಯಲ್ಲಿ ದಾರಿ ಬಿಡುತ್ತಾರೆ.

ಹಾಗಾದರೆ ಇದು ಮನುಷ್ಯಸ್ವಭಾವ, ಏನು ಮಾಡಲಾದೀತು ಎಂದು ಕೈಚೆಲ್ಲಲು ನನಗೆ ಮನಸ್ಸಿಲ್ಲ. ದಾರಿ ಬಿಡುವವರೂ ಮನುಷ್ಯರೇ ತಾನೆ? ಅವರ ಮಾತು ಯಾಕೆ ಯಾರೂ ಎತ್ತುವುದಿಲ್ಲ?

2016ನೇ ಇಸವಿ ನೆನೆಯಿರಿ. ಆ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೋ ಪಾಲಾಯಿತು. ಕನ್ನಡನಾಡಿನ ದೊಡ್ಡ ಗಡಿಯಾರದ ಮನೆ ಬಾಗಿಲು ಹಾಕಿಕೊಂಡ ಸುದ್ದಿಗೆ ಹೆಚ್ಚು ಸದ್ದಾಗಲಿಲ್ಲ. ಮರು ತಿಂಗಳು ಸದ್ದಾಯಿತು, ಇನ್ನೊಂದು ವಾಚಿಗೆ. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿರುವ ಹ್ಯೂಬ್ಲೊ ವಾಚಿನ ಬೆಲೆ ಅರ್ಧ ಕೋಟಿಗೂ ಮೇಲೆ ಎಂದು ಎಚ್.ಡಿ. ಕುಮಾರಸ್ವಾಮಿಯವರು ಆರೋಪಿಸಿದರು. ದುಬೈನಲ್ಲಿರುವ ವೈದ್ಯಮಿತ್ರರು ಉಡುಗೊರೆಯಾಗಿ ಕೊಟ್ಟದ್ದೆಂದು ಮುಖ್ಯಮಂತ್ರಿ ಹೇಳಿದರು. ಮಾರ್ಚಿನಲ್ಲಿ ಅದನ್ನು ವಿಧಾನಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ ಸರ್ಕಾರದ ಆಸ್ತಿ ಮಾಡಿದರು. ಅಧಿಕಾರದಲ್ಲಿರುವವರು ಅಂಥ ಉಡುಗೊರೆ ಪಡೆಯಬಹುದೇ ಎಂಬ ಪ್ರಶ್ನೆ ಸರಿಯಾದದ್ದೇ. ನನ್ನನ್ನು ಕಾಡಿದ್ದು ಬೇರೆ. ಅದಕ್ಕೆ ಮುಂಚೆ ಆ ಕೈಯನ್ನು ಟೀವಿಯಲ್ಲಿ, ಪತ್ರಿಕೆಯಲ್ಲಿ, ಸಭೆಗಳಲ್ಲಿ ಲಕ್ಷಾಂತರ ಜನ ನೋಡಿದ್ದರು. ಯಾರಿಗೂ ಏನೂ ಕಂಡಿರಲಿಲ್ಲ. ಒಂದು ಕಪ್ಪು ಪಟ್ಟಿಯ ವಾಚು, ಅಷ್ಟೇ. ಬೆಲೆ ಹೇಳಿದ ಮರುದಿನ ಹಿರಿಯೂರಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವರ ಬಾಯಲ್ಲೂ ಹ್ಯೂಬ್ಲೊ. ಕಣ್ಣಿಗೆ ಕಾಣದಿದ್ದದ್ದು ಕಿವಿಗೆ ಬೆಲೆ ಬಿದ್ದ ಮೇಲೆ ಕಂಡಿತು.

ದುಬಾರಿ ವಾಚಿನವರ ದುಃಖವೂ ಇದೇ. ನೂರಕ್ಕೆ ತೊಂಬತ್ತು ಜನಕ್ಕೆ ಅದನ್ನು ಓದಲು ಬರುವುದಿಲ್ಲ. ಓದಬಲ್ಲ ನಾಲ್ಕಾರು ಜನ ತಮ್ಮ ಕೈಯಲ್ಲಿ ಅದಕ್ಕಿಂತ ದೊಡ್ಡದನ್ನು ಕಟ್ಟಿಕೊಂಡಿರುತ್ತಾರೆ. ಡೂಪ್ಲಿಕೇಟು ಕಟ್ಟಿದವನ ಪಾಡು ಇನ್ನೂ ವಿಚಿತ್ರ. ಓದಲು ಬಾರದವರಿಗೆ ತೋರಿಸಿ ಪ್ರಯೋಜನವಿಲ್ಲ, ಓದಲು ಬರುವವರು ಹತ್ತಿರ ಬಂದರೆ ಕೈ ಜೇಬಿಗೆ ಹೋಗಬೇಕು. ಮಾರುವವರು ಫಸ್ಟ್ ಕಾಪಿ, ಸೆವೆನ್ ಎ ಎಂದು ನಕಲಿಯಲ್ಲೂ ದರ್ಜೆ ಮಾಡಿದ್ದಾರೆ, ಅಂದರೆ ಎಷ್ಟು ಹತ್ತಿರ ಬರುವವರೆಗೆ ಧೈರ್ಯವಾಗಿರಬಹುದು ಎಂಬ ಲೆಕ್ಕ. ಬೇರೆಯವರ ಗುರುತನ್ನು ಕದ್ದು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಜೈಲಿಗೆ ಕಳಿಸಬಹುದಾದ ಅಪರಾಧ. ಆದರೂ ಬೆಂಗಳೂರಿನ ಮೆಜೆಸ್ಟಿಕ್ಕಿನ ಸುತ್ತ ಐದು ನಿಮಿಷ ನಡೆದರೆ ಜಗತ್ತಿನ ಎಲ್ಲ ದೊಡ್ಡ ಹೆಸರುಗಳೂ ಸಿಕ್ಕುತ್ತವೆ.

ನಕಲಿ ಎಂದ ಕೂಡಲೇ ಮೂಗು ಮುರಿಯುವ ನಾವು ನಮ್ಮದೇ ಮದುವೆಮನೆಗಳಲ್ಲಿ ಕಾಣುವ ಇನ್ನೊಂದು ನಕಲಿಗೆ ಹಾಗೆ ಮಾಡುವುದಿಲ್ಲ. "ಎಷ್ಟ್ ಚೆನ್ನಾಗಿದೆಯೇ ಸರ!" "ಒನ್ ಗ್ರಾಂ ಕಣೇ, ದಾವಣಗೆರೇಲಿ ತಗೊಂಡೆ." "ಯಾವ ಅಂಗಡೀಲಿ? ನಂಗೂ ಒಂದು ಬೇಕಿತ್ತು." ಮುಗಿಯಿತು. ಮುಚ್ಚುಮರೆಯಿಲ್ಲ, ಅವಮಾನವಿಲ್ಲ. ಅಸಲಿ ಸರ ಬ್ಯಾಂಕಿನ ಲಾಕರಿನಲ್ಲಿದೆಯೋ, ಅಡವಿದೆಯೋ, ಇರಲೇ ಇಲ್ಲವೋ, ಕೇಳುವವರಿಲ್ಲ. ಹೆಂಗಸರು ಒಂದು ಗ್ರಾಂ ಚಿನ್ನವನ್ನು ಹೇಳಿಕೊಂಡೇ ತೊಡುತ್ತಾರೆ, ಗಂಡಸರು ಫಸ್ಟ್ ಕಾಪಿಯನ್ನು ಹೇಳದೆ ತೊಡುತ್ತಾರೆ. ಈ ವ್ಯತ್ಯಾಸವನ್ನು ಬಹಳ ದಿನ ಯೋಚಿಸಿದ್ದೇನೆ. ಸರ ತೊಟ್ಟವಳು ಈ ಹೊತ್ತು ಚೆನ್ನಾಗಿ ಕಾಣಬೇಕು ಎಂದಷ್ಟೇ ಬಯಸಿದ್ದಾಳೆ. ವಾಚು ಕಟ್ಟಿದವನು ತಾನು ಇಂಥವನು ಎಂದು ನಂಬಿಸಬೇಕೆಂದಿದ್ದಾನೆ. ಜೋಗಿಮಟ್ಟಿಯ ಹುಡುಗರು ಈ ಲೆಕ್ಕದಲ್ಲಿ ಹೆಂಗಸರ ಕಡೆಯವರು. ಒಂದೇ ವಾಚಿನಲ್ಲಿ ನಾಲ್ಕು ಫೋಟೋ ಹಾಕಿದರೆ ಊರಿನ ಗೆಳೆಯರಿಗೆ ಗುಟ್ಟು ತಿಳಿಯದೆ ಇರುತ್ತದೆಯೇ? ಅವರಿಗದು ಚಿಂತೆಯೇ ಆಗಿರಲಿಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇಂಥ ಪ್ರಸಂಗದಲ್ಲಿ ಎಲ್ಲರ ನಾಲಿಗೆಗೂ ಬರುವ ಗಾದೆ ಇದು. ನನಗೆ ಈಚೆಗೆ ಈ ಗಾದೆಯ ಮೇಲೆ ಗುಮಾನಿ. ಕೊಡೆ ಹಿಂದೆ ಬರೀ ಮಳೆ ಬಿಸಿಲಿನ ಸಾಧನವಾಗಿರಲಿಲ್ಲ, ಅಂತಸ್ತಿನ ಗುರುತು. ದೊರೆಗೆ ಛತ್ರ, ದೇವರಿಗೆ ಛತ್ರ. ಯಾರು ಕೊಡೆ ಹಿಡಿಯಬಹುದು, ಯಾರು ಕೆರ ಮೆಟ್ಟಿ ಯಾರ ಬೀದಿಯಲ್ಲಿ ನಡೆಯಬಹುದು ಎಂಬುದಕ್ಕೆಲ್ಲ ಕಟ್ಟಳೆಯಿದ್ದ ಊರುಗಳು ನಮ್ಮವು. ಹಗಲು ಹೊತ್ತು ಹಿಡಿದರೆ ಕಿತ್ತುಕೊಳ್ಳುವವರಿದ್ದಾಗ ಆ ಬಡಪಾಯಿ ಅರ್ಧರಾತ್ರಿ ಅಲ್ಲದೆ ಇನ್ಯಾವಾಗ ಹಿಡಿದಾನು? ಗಾದೆ ಕಟ್ಟಿದವರು ಹಗಲಿನಲ್ಲಿ ಕೊಡೆ ಹಿಡಿಯುವ ಹಕ್ಕಿದ್ದವರೇ ಇರಬೇಕು. ಅಂಬೇಡ್ಕರರು ಸೂಟು ಬೂಟು ತೊಟ್ಟದ್ದನ್ನು ಶೋಕಿ ಎಂದು ಕರೆಯುವ ಧೈರ್ಯ ಯಾರಿಗಿದೆ? ಕುದುರೆ ಏರಿದ ದಲಿತ ಮದುಮಗನನ್ನು ಕೆಳಗಿಳಿಸಿದ ಸುದ್ದಿಗಳು ಉತ್ತರದ ಕಡೆಯಿಂದ ಇವತ್ತಿಗೂ ಬರುತ್ತವೆ. ತೋರಿಕೆ ಎಂದು ನಾವು ನಗುವಾಗ ಎಷ್ಟೋ ಸಲ ಹೊಸದಾಗಿ ಬಂದವನನ್ನು ನೋಡಿ ಹಳಬರು ನಗುತ್ತಿರುತ್ತೇವೆ.

ದಾರಿ ಬಿಡುವವರಲ್ಲಿ ನಾನೂ ಒಬ್ಬ. ಒಮ್ಮೆ ನೆಂಟರ ಮದುವೆಯೊಂದರಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವ ಕೆಲಸ ನನಗೆ ಬಿದ್ದಿತ್ತು. ಪನ್ನೀರು, ಕಲ್ಲುಸಕ್ಕರೆ, ನಗು. ಮುಂದೆ ಸೋಫಾದ ಸಾಲು, ಹಿಂದೆ ಪ್ಲಾಸ್ಟಿಕ್ ಕುರ್ಚಿ. ಯಾರನ್ನು ಮುಂದೆ ಕರೆದುಕೊಂಡು ಹೋಗಬೇಕು, ಯಾರಿಗೆ ಬರೀ ಒಳಗೆ ಕೈ ತೋರಿಸಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕಾರು, ಚಪ್ಪಲಿ, ಮುಂಗೈ, ಮೂರು ಕಡೆ ಕಣ್ಣಾಡಿಸಿ ಅರೆಗಳಿಗೆಯಲ್ಲಿ ತೀರ್ಮಾನಿಸುತ್ತಿದ್ದೆ. ಆ ವಾಚುಗಳಲ್ಲಿ ಎಷ್ಟು ಅಸಲಿಯೋ ಎಷ್ಟು ಮೆಜೆಸ್ಟಿಕ್ಕಿನವೋ ನನಗೇನು ಗೊತ್ತು? ಹೊಳೆದರೆ ಸೋಫಾ. ಗಣಿಯಲ್ಲಿ, ಲೇಔಟಿನಲ್ಲಿ ದುಡ್ಡು ಮಾಡಿದ ಇಬ್ಬರ ಪಕ್ಕ ನಾನೇ ಹೋಗಿ ನಿಂತು ಫೋಟೋ ತೆಗೆಸಿಕೊಂಡದ್ದು ನೆನಪಿದೆ. ಹಿಂದಕ್ಕೆ ಕಳಿಸಿದವರ ಮುಖ ಒಂದೂ ನೆನಪಿಲ್ಲ. ಅಂದು ಹಿಂದೆ ಕೂತವರ ಜೊತೆ ಅವರ ಮಗನೂ ಬಂದಿದ್ದರೆ, ಅವನು ಊಟಕ್ಕೆ ಮುಂಚೆಯೇ ಒಂದು ಪಾಠ ಕಲಿತು ಹೋಗಿರುತ್ತಾನೆ. ಮೊದಲ ಸಂಬಳದಲ್ಲಿ ಅವನು ಏನು ಕೊಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಇನ್ನು ನನ್ನ ಎಚ್‌ಎಂಟಿಯ ವಿಷಯ.

ಐದಾರು ವರ್ಷದ ಹಿಂದೆ ಒಬ್ಬ ಮಾರಾಟಗಾರರಿಂದ ಅದನ್ನು ಕೊಂಡೆ. ಕಾರ್ಖಾನೆ ಮುಚ್ಚಿದ ಮೇಲೆ ಎಚ್‌ಎಂಟಿಗೆ ಬೆಲೆ ಬಂದಿದೆ. ಜನತಾ ಎಂಬ ಹೆಸರಿನ ವಾಚನ್ನು ಈಗ ಜನ ಸಂಗ್ರಹಿಸುತ್ತಾರೆ. ಅದನ್ನು ಕಟ್ಟಿಕೊಂಡು ಓಡಾಡತೊಡಗಿದಾಗ, ದುಬಾರಿ ವಾಚಿನವರ ನಡುವೆ ಅದಕ್ಕೊಂದು ಬೇರೆಯೇ ಮಾನ ಸಿಕ್ಕುವುದು ಗಮನಕ್ಕೆ ಬಂತು. "ಓಹ್, ಎಚ್‌ಎಂಟಿ! ನಿಮ್ಮ ತಂದೆಯವರದಾ?" ಎಂದು ಯಾರೋ ಕೇಳಿದರು. ಮೊದಲ ಸಲ ನಾನು ಸುಮ್ಮನೆ ನಕ್ಕೆ. ಎರಡನೇ ಸಲ ತಲೆಯಾಡಿಸಿದೆ. ಮೂರನೇ ಸಲ, ಕೇಳುವುದಕ್ಕೆ ಮುಂಚೆಯೇ, "ಅಪ್ಪಂದು" ಅಂದೆ. ಹೇಳುತ್ತಾ ಹೇಳುತ್ತಾ ಬಾವುಟದ ಕಂಬದ ಕಥೆಯನ್ನೂ ಸೇರಿಸಿಕೊಂಡೆ, ಅಕ್ಕನ ಮದುವೆಯ ಡಬ್ಬಿಯನ್ನು ಮಾತ್ರ ಬಿಟ್ಟೆ.

ಇದರಲ್ಲಿ ನಾನು ಒಬ್ಬಂಟಿಯಲ್ಲ. ಹಾಲಿವುಡ್ ನಟ ಪಾಲ್ ನ್ಯೂಮನ್ ಒಮ್ಮೆ ಮಗಳ ಗೆಳೆಯನನ್ನು ಟೈಮೆಷ್ಟು ಎಂದು ಕೇಳಿದನಂತೆ. ನನ್ನ ಹತ್ತಿರ ವಾಚಿಲ್ಲ ಎಂದ ಆ ಹುಡುಗನಿಗೆ ತನ್ನ ಕೈಯ ರೋಲೆಕ್ಸನ್ನೇ ಬಿಚ್ಚಿ ಕೊಟ್ಟುಬಿಟ್ಟ. ಹುಷಾರಾಗಿ ಗಾಡಿ ಓಡಿಸಿ ಎಂಬ ಅರ್ಥದ ಮಾತನ್ನು ಹೆಂಡತಿ ಅದರ ಬೆನ್ನಿಗೆ ಕೊರೆಸಿದ್ದಳು. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 1.77 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು, ಆಗಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ. ಅಂಥದೇ ಯಂತ್ರವಿರುವ ಬೇರೆ ವಾಚುಗಳಿಗೆ ಆ ಬೆಲೆಯ ಹತ್ತಿರವೂ ಸಿಕ್ಕುವುದಿಲ್ಲ. ಕೊಂಡವರು ಕೊಂಡದ್ದು ಆ ಮುಂಗೈಯನ್ನು, ಆ ಕಥೆಯನ್ನು. ನನ್ನದು ಅದೇ ವ್ಯಾಪಾರದ ಹೊಳಲ್ಕೆರೆ ಆವೃತ್ತಿ. ಒಂದೇ ವ್ಯತ್ಯಾಸ, ಅವರ ಕಥೆ ನಿಜ.

ಜೋಗಿಮಟ್ಟಿಗೆ ಹೋಗಿಬಂದ ವಾರದಲ್ಲಿ ವಾಚು ನಿಂತಿತು. ದುರ್ಗದ ಪೇಟೆಯಲ್ಲಿ ವಾಚು ರಿಪೇರಿ ಮಾಡುವವರೊಬ್ಬರ ಹತ್ತಿರ ಒಯ್ದೆ. ಇಬ್ಬರು ನಿಲ್ಲುವಷ್ಟೂ ಜಾಗವಿಲ್ಲದ ಅಂಗಡಿ. ಅವರು ಬೆನ್ನು ಬಿಚ್ಚಿ, ಒಂದು ಕಣ್ಣಿಗೆ ದುರ್ಬೀನು ಸಿಕ್ಕಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಡಯಲ್ಲನ್ನು ತಿರುಗಿಸಿ ನೋಡಿದರು.

"ಇದು ಯಾರದು ಸಾರ್?"

"ಯಾಕೆ?"

"ಮೂರು ವಾಚು ಸೇರ್ಸಿ ಒಂದು ಮಾಡಿದಾರೆ. ಮಿಷನ್ನು ಎಚ್‌ಎಂಟೀದೇ. ಕೇಸು ಬೇರೆದು. ಡಯಲ್ಲಿಗೆ ಹೊಸ್ದಾಗಿ ಬಣ್ಣ ಹೊಡ್ದು ಹೆಸರು ಬರ್ದಿದಾರೆ. ನೋಡಿ, ಅಕ್ಷರ ಹೆಂಗೆ ದಪ್ಪಕ್ಕೆ ಬಂದಿದಾವೆ. ಈಗ ಇಂಥವೇ ಬರೋದು ಜಾಸ್ತಿ."

ದುರ್ಬೀನು ನನ್ನ ಕೈಗೆ ಕೊಟ್ಟರು. ನೋಡಿದೆ. ಅಕ್ಷರಗಳ ಅಂಚು ಹರಡಿಕೊಂಡಿತ್ತು, ಒದ್ದೆ ಕಾಗದದ ಮೇಲೆ ಬರೆದ ಹಾಗೆ.

"ಅಪ್ಪಂದು ಅಂತ ಹೇಳ್ತಿದ್ದೆ" ಅಂದೆ.

ಅವರು ತಲೆಯೆತ್ತಿ ನೋಡಿದರು, ಏನೂ ಹೇಳಲಿಲ್ಲ. ಚಿಮುಟದಲ್ಲಿ ಒಂದು ಚಕ್ರವನ್ನೆತ್ತಿ ಪೆಟ್ರೋಲಿನ ಬಟ್ಟಲಿಗೆ ಹಾಕಿದರು. "ಮಿಷನ್ನು ಚೆನ್ನಾಗೈತೆ ಸಾರ್. ತೊಳ್ದು ಆಯಿಲಿಂಗ್ ಮಾಡಿದ್ರೆ ಇನ್ನೂ ಇಪ್ಪತ್ತು ವರ್ಷ ಓಡ್ತದೆ. ಬೇಕಿದ್ರೆ ಬೇರೆ ಡಯಲ್ಲು ಹುಡುಕಾಣ."

ಬೇಡ ಅಂದೆ.

ಎರಡು ದಿನ ಬಿಟ್ಟು ಹೋದಾಗ ಓಡುತ್ತಿತ್ತು. ಮುನ್ನೂರು ರೂಪಾಯಿ ಕೊಟ್ಟು, ಕಟ್ಟಿಕೊಂಡು, ಬಸ್ ನಿಲ್ದಾಣಕ್ಕೆ ಬಂದೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಟೈಮೆಷ್ಟಪ್ಪ? ಹೊಸದುರ್ಗದ ಗೌರ್ಮೆಂಟ್ ಬಸ್ಸು ಹನ್ನೆರಡೂವರೆಗೆ ಅಂದಿದ್ರು" ಎಂದರು. ಎಷ್ಟು ವರ್ಷವಾಗಿತ್ತೋ ಯಾರಾದರೂ ನನ್ನನ್ನು ಹಾಗೆ ಕೇಳಿ. ತೋಳು ಸರಿಸಿ ನೋಡಿದೆ.

"ಇನ್ನೂ ಐದು ನಿಮಿಷ ಐತೆ ಅಜ್ಜಿ."

ಅವರು ವಾಚಿನ ಕಡೆ ಕಣ್ಣೂ ಹಾಯಿಸಲಿಲ್ಲ. ಚೀಲದೊಳಗೆ ಕೈಬಿಟ್ಟು ಆಧಾರ್ ಕಾರ್ಡು ಇದೆಯಾ ಎಂದು ಮುಟ್ಟಿ ನೋಡಿಕೊಂಡು, ಬಸ್ಸು ಬರುವ ಕಡೆ ತಿರುಗಿ ಕೂತರು.